ಡಯಲ್ ಗೇಜ್ ಹೇಳಿದ್ದು, ಹಾಲ್ ಪ್ರೋಬ್ ಹೇಳಿದ್ದು

ಮಂಗಳವಾರ, 12 ನವೆಂಬರ್ 2024, ಬೆಂಗಳೂರು

ಎಲೆಕ್ಟ್ರಾನ್‌ಗಳ ಕಿರಣ ಹೊರಡಿಸುವ ಎಲೆಕ್ಟ್ರಾನ್ ಗನ್ ಮುಂದೆ ಕೂತಿರುವ ಸೊಲೆನಾಯ್ಡ್ (ಕರೆಂಟ್ ಹರಿದಾಗ ಕಾಂತವಾಗುವ ತಂತಿಯ ಸುರುಳಿ) ಮೇಲೆ ಹೋದ ವಾರದಿಂದಲೇ ನನಗೆ ಅನುಮಾನ. ಅದರ ಕರೆಂಟ್ ಏರಿಸಿ ಇಳಿಸಿದರೆ ಪರದೆಯ ಮೇಲಿನ ಚುಕ್ಕೆ ಇದ್ದಲ್ಲೇ ಹಿಗ್ಗಬೇಕು, ಕುಗ್ಗಬೇಕು. ನಮ್ಮ ಚುಕ್ಕೆ ಪಕ್ಕಕ್ಕೆ ನಡೆಯುತ್ತದೆ. ಅಂದರೆ ಕಿರಣದ ದಾರಿ ಮತ್ತು ಸೊಲೆನಾಯ್ಡಿನ ಕಾಂತಕ್ಷೇತ್ರದ ಅಕ್ಷ ಎರಡೂ ಒಂದೇ ಗೆರೆಯಲ್ಲಿಲ್ಲ.

ವರ್ಕ್‌ಶಾಪಿನ ಹಿರಿಯರು ಬಂದು, ಮೇಲ್ಮೈಯ ಸಣ್ಣ ಏರುಪೇರನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಹಿಡಿದು ನೋಡಿದರು. "ಐವತ್ತು ಮೈಕ್ರಾನ್ ಒಳಗಿದೆ, ಇನ್ನೇನು ಬೇಕು ಮೇಡಂ?" ಅಂದರು. ಅವರ ಅಳತೆ ಸರಿಯಾಗಿಯೇ ಇದೆ. ಆದರೆ ಅವರು ಅಳೆದದ್ದು ಹೊರಗಿನ ಅಲ್ಯೂಮಿನಿಯಂ ಕವಚವನ್ನು. ಕರೆಂಟ್ ಹರಿಯುವುದು ಒಳಗಿನ ತಾಮ್ರದಲ್ಲಿ. ತಂತಿ ಸುತ್ತುವಾಗ ಅದರ ಉರುಳೆ (ಬಾಬಿನ್) ಸ್ವಲ್ಪ ಓರೆಯಿತ್ತೋ, ಎಪಾಕ್ಸಿ ಅಂಟು ಸುರಿದಾಗ ಸುರುಳಿ ಸ್ವಲ್ಪ ಜರುಗಿತೋ, ಹೊರಗಿನಿಂದ ಯಾರಿಗೂ ಕಾಣುವುದಿಲ್ಲ. ಸುರುಳಿ ಎಲ್ಲಿದೆ ಅಂತ ಅದರ ಕಾಂತಕ್ಷೇತ್ರವನ್ನೇ ಕೇಳಬೇಕು.

ಇವತ್ತು ಇಡೀ ದಿನ ಅದೇ ಕೆಲಸ. ಗ್ರಾನೈಟ್ ಮೇಜು, ಅದರ ಮೇಲೆ ಹಳಿ, ಹಳಿಯ ಮೇಲೆ ಗಾಡಿ, ಗಾಡಿಯಿಂದ ಚಾಚಿದ ಉದ್ದನೆಯ ಕಡ್ಡಿ, ಕಡ್ಡಿಯ ತುದಿಯಲ್ಲಿ ಕಾಂತಕ್ಷೇತ್ರ ಅಳೆಯುವ ಹಾಲ್ ಪ್ರೋಬ್. ಹಳಿಯನ್ನು ಮೊದಲೇ ಲೇಸರ್ ಟ್ರ್ಯಾಕರ್ ಇಟ್ಟು ಕವಚದ ಅಕ್ಷಕ್ಕೆ ಸರಿ ಹೊಂದಿಸಿದ್ದೆವು. ಸುರುಳಿ, ಅಂದರೆ ಕಾಯಿಲ್, 400 ಮಿ.ಮೀ. ಉದ್ದ, ಸರಾಸರಿ ತ್ರಿಜ್ಯ 60 ಮಿ.ಮೀ. ನಡುವೆ 1000 ಗಾಸ್ (ಕಾಂತಕ್ಷೇತ್ರದ ಅಳತೆ) ಬರುವಷ್ಟು ಕರೆಂಟ್ ಕೊಟ್ಟೆವು. ಆಗ ಲೆಕ್ಕ ಸುಲಭ: ಸುರುಳಿ ಒಂದು ಮಿಲಿರೇಡಿಯನ್ (ಮೀಟರಿಗೆ ಒಂದು ಮಿ.ಮೀ.) ಓರೆಯಾದರೆ ಅಡ್ಡಕ್ಕೆ ಒಂದು ಗಾಸ್ ಕಾಣಬೇಕು.

ಮೊದಲ ಸ್ಕ್ಯಾನಿನಲ್ಲಿ ನಡುವೆ ಅಡ್ಡ ಕ್ಷೇತ್ರ 10.8 ಗಾಸ್ ಬಂತು. ಜೊತೆಗಿದ್ದ ಇಂಟರ್ನ್ ಹುಡುಗ ಕಣ್ಣರಳಿಸಿ, "ಅಷ್ಟೊಂದು ಓರೆನಾ ಮೇಡಂ?" ಅಂದ. ಇಷ್ಟು ಬೇಗ ನಂಬಬಾರದು. ಹಾಲ್ ಪ್ರೋಬ್ ಕಡ್ಡಿಯ ತುದಿಯಲ್ಲಿ ಅರ್ಧ ಡಿಗ್ರಿ ವಾಲಿ ಅಂಟಿಕೊಂಡಿದ್ದರೂ ಸಾಕು, ಉದ್ದಕ್ಕಿರುವ 1000 ಗಾಸ್‌ನಲ್ಲಿ ಒಂದಿಷ್ಟು ಅಡ್ಡಕ್ಕಿದೆ ಅಂತಲೇ ಓದುತ್ತದೆ. ಇದಕ್ಕೊಂದು ಹಳೆಯ ಉಪಾಯ ಇದೆ. ಕಡ್ಡಿಯನ್ನು ಅದು ಕೂತಿರುವ ವಿ-ಬ್ಲಾಕಿನ (V ಆಕಾರದ ತೋಡಿರುವ ಆಸರೆ) ಒಳಗೇ ತನ್ನ ಅಕ್ಷದ ಸುತ್ತ 180 ಡಿಗ್ರಿ ತಿರುಗಿಸಿ ಮತ್ತೆ ಓದುವುದು. ಪ್ರೋಬ್ ವಾಲಿದ್ದರಿಂದ ಬಂದ ಭಾಗ ಹಾಗೆಯೇ ಉಳಿಯುತ್ತದೆ, ನಿಜವಾದ ಅಡ್ಡ ಕ್ಷೇತ್ರದ ಚಿಹ್ನೆ ಮಾತ್ರ ಬದಲಾಗುತ್ತದೆ. ತಿರುಗಿಸಿದ ಮೇಲೆ 6.6 ಬಂತು. ವ್ಯತ್ಯಾಸದ ಅರ್ಧ 2.1 ಗಾಸ್, ಇದು ಕಾಯಿಲಿನದು. ಮೊತ್ತದ ಅರ್ಧ 8.7, ಅದು ಪ್ರೋಬಿನ ಅರ್ಧ ಡಿಗ್ರಿ ವಾಲುವಿಕೆ. ಹುಡುಗ ಎರಡು ಸಲ ಕೂಡಿಸಿ ಕಳೆದು ನೋಡಿ ಖುಷಿಪಟ್ಟ.

ಇಷ್ಟು ಸಣ್ಣ ಸಂಖ್ಯೆಗಳ ಬೆನ್ನು ಹತ್ತಿದಾಗ ಭೂಮಿಯೂ ನಡುವೆ ಬರುತ್ತದೆ. ಬೆಂಗಳೂರಿನಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 0.4 ಗಾಸ್, ಅದೂ ಹೆಚ್ಚುಕಡಿಮೆ ನೆಲಕ್ಕೆ ಸಮಾನಾಂತರ. ಕ್ಷೇತ್ರ ನೆಲಕ್ಕೆ ಪೂರ್ತಿ ಸಮಾನಾಂತರವಾಗಿರುವ ಕಾಂತೀಯ ಸಮಭಾಜಕ ರೇಖೆ ದಕ್ಷಿಣ ಭಾರತದ ತುದಿಯ ಹತ್ತಿರವೇ ಹಾದುಹೋಗುತ್ತದಲ್ವಾ, ಅದಕ್ಕೆ. 1963ರಲ್ಲಿ ರಾಕೆಟ್ ಹಾರಿಸಲು ಕೇರಳದ 'ತುಂಬಾ' ಅನ್ನುವ ಊರನ್ನು ಆರಿಸಿಕೊಂಡಿದ್ದಕ್ಕೂ ಇದೇ ಕಾರಣ. ನಮ್ಮ ಸೊಲೆನಾಯ್ಡ್ ಪೂರ್ವ-ಪಶ್ಚಿಮವಾಗಿ ಮಲಗಿರುವುದರಿಂದ ಭೂಮಿಯ ಕ್ಷೇತ್ರ ಪೂರ್ತಿ ಅಡ್ಡಕ್ಕೇ ಬೀಳುತ್ತದೆ. ಸುಮ್ನೆ ಬಿಟ್ಟರೆ 0.4 ಮಿಲಿರೇಡಿಯನ್ ಸುಳ್ಳು ಓರೆ. ಅದಕ್ಕೇ ಪ್ರತಿ ಸ್ಕ್ಯಾನನ್ನೂ ಕರೆಂಟಿನ ದಿಕ್ಕು ತಿರುಗಿಸಿ ಇನ್ನೊಮ್ಮೆ ಮಾಡಿ, ಎರಡರ ವ್ಯತ್ಯಾಸದ ಅರ್ಧ ತೆಗೆದುಕೊಳ್ಳುತ್ತೇವೆ. ಭೂಮಿಯದೂ ಹೋಗುತ್ತದೆ, ಪ್ರೋಬಿನ ಸೊನ್ನೆ ತಪ್ಪಿದ್ದರೆ ಅದೂ ಹೋಗುತ್ತದೆ. ಮೇಲೆ ಬರೆದಿರುವ ಅಂಕಿಗಳೆಲ್ಲ ಹೀಗೆ ಸೋಸಿದವೇ. ಕಬ್ಬಿಣದ ಕವಚ ಇದ್ದಿದ್ದರೆ ಇಷ್ಟು ಸಲೀಸಾಗುತ್ತಿರಲಿಲ್ಲ, ಕರೆಂಟ್ ನಿಂತ ಮೇಲೂ ಕಬ್ಬಿಣದಲ್ಲಿ ಉಳಿದುಬಿಡುವ ಕಾಂತತ್ವದ ಕಾಟ ಇರುತ್ತಿತ್ತು.

ನನಗೆ ಜಾಸ್ತಿ ಇಷ್ಟವಾಗುವುದು ಇದಾದ ಮೇಲಿನ ಗ್ರಾಫ್. ಸುರುಳಿ ಓರೆಯಾಗಿದ್ದರೆ ಅಡ್ಡ ಕ್ಷೇತ್ರ ನಡುವೆ ಚಪ್ಪಟೆಯಾಗಿ ಎದ್ದಿರುತ್ತದೆ, ಎರಡೂ ತುದಿಯಲ್ಲಿ ಒಂದೇ ರೀತಿ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಓರೆಯಾಗದೆ ಬರೀ ಪಕ್ಕಕ್ಕೆ ಸರಿದಿದ್ದರೆ ನಡುವೆ ಏನೂ ಇರುವುದಿಲ್ಲ. ಒಂದು ತುದಿಯಲ್ಲಿ ಮೇಲೆ, ಇನ್ನೊಂದು ತುದಿಯಲ್ಲಿ ಅಷ್ಟೇ ಕೆಳಗೆ. ಯಾಕೆಂದರೆ ಅಕ್ಷ ಬಿಟ್ಟು ಸ್ವಲ್ಪ ಪಕ್ಕಕ್ಕೆ ಹೋದಾಗ ಕಾಣುವ ಅಡ್ಡ ಕ್ಷೇತ್ರ, ಉದ್ದದ ಕ್ಷೇತ್ರ ಎಷ್ಟು ಬೇಗ ಬದಲಾಗುತ್ತಿದೆ ಅನ್ನುವುದನ್ನು ಅವಲಂಬಿಸಿದೆ. ಒಳಹೋಗುವಾಗ ಅದು ಏರುತ್ತದೆ, ಹೊರಬರುವಾಗ ಇಳಿಯುತ್ತದೆ.

ನಮ್ಮ ಗ್ರಾಫಿನಲ್ಲಿ ಒಂದು ತುದಿ ಸುಮಾರು ಅರ್ಧ ಗಾಸ್ ಮೇಲಿತ್ತು, ಇನ್ನೊಂದು ಸುಮಾರು ಎರಡು ಗಾಸ್ ಕೆಳಗೆ. ಅಂದರೆ ಎರಡೂ ದೋಷ ಇವೆ. ಬಿಡಿಸಿದಾಗ ಸಿಕ್ಕಿದ್ದು: ಎರಡು ಮಿಲಿರೇಡಿಯನ್ ಓರೆ, ಪಕ್ಕಕ್ಕೆ ಸರಿದದ್ದು 0.3 ಮಿ.ಮೀ. ಓರೆ ಚಿಕ್ಕದು ಅನಿಸಬಹುದು. ಆದರೆ ಈ ತುದಿಯಿಂದ ಆ ತುದಿಗೆ 0.8 ಮಿ.ಮೀ. ಆಯಿತು. ಡಯಲ್ ಗೇಜಿನ ಐವತ್ತು ಮೈಕ್ರಾನ್ ಎಲ್ಲಿ, ಇದೆಲ್ಲಿ!

ಇನ್ನೂ ಸೂಕ್ಷ್ಮವಾಗಿ ಬೇಕಾದವರು ಹಾಲ್ ಪ್ರೋಬ್ ಬಿಟ್ಟು ದಿಕ್ಸೂಚಿ ಹಿಡಿಯುತ್ತಾರೆ. ರಷ್ಯಾದ ನೊವೊಸಿಬಿರ್ಸ್ಕ್‌ನ ಬುಡ್ಕರ್ ಸಂಸ್ಥೆಯವರ ಕೈಚಳಕ ಅದು. ಕಾಂತದ ಮುಳ್ಳಿಗೆ ಪುಟಾಣಿ ಕನ್ನಡಿ ಅಂಟಿಸಿ, ಸೊಲೆನಾಯ್ಡ್ ಒಳಗೆ ಸಾಗಿಸುತ್ತಾ, ಕನ್ನಡಿಯಿಂದ ವಾಪಸ್ ಬರುವ ಬೆಳಕು ಎಷ್ಟು ಅಲುಗುತ್ತದೆ ಅಂತ ನೋಡುವುದು. ಮುಳ್ಳು ಕ್ಷೇತ್ರದ ಗೆರೆಯನ್ನೇ ಹಿಡಿದು ನಿಲ್ಲುತ್ತದೆ, ಅದಕ್ಕೆ ಮೋಸ ಮಾಡುವುದು ಕಷ್ಟ. ಅಮೆರಿಕದ ಫರ್ಮಿಲ್ಯಾಬ್‌ನಲ್ಲಿ ಆಂಟಿಪ್ರೋಟಾನ್‌ಗಳನ್ನು (ಪ್ರೋಟಾನಿನ ಪ್ರತಿಕಣಗಳು) ತಣಿಸಲು, ಅಂದರೆ ಅವುಗಳ ಅಡ್ಡಾದಿಡ್ಡಿ ಓಟ ತಗ್ಗಿಸಲು, ಎರಡೆರಡು ಮೀಟರಿನ ಹತ್ತು ಸೊಲೆನಾಯ್ಡ್‌ಗಳನ್ನು ಸಾಲಾಗಿ ಇಟ್ಟಿದ್ದರು. ಅಲ್ಲಿ ಇದ್ದದ್ದು ಬರೀ ನೂರು ಗಾಸ್ ಚಿಲ್ಲರೆ. ಅಲ್ಲೂ ಇಂಥದೇ ಮುಳ್ಳಿನ ಸಾಧನ ಬಳಸಿದ್ದರು. ನಮ್ಮ ಕೆಲಸಕ್ಕೆ ಅಷ್ಟು ಬೇಡ, ಆದರೂ ಒಂದು ಮಾಡಿ ನೋಡುವ ಆಸೆ ಇದೆ.

ಸಂಜೆ ವರ್ಕ್‌ಶಾಪಿಗೆ ಹೋಗಿ, ಕವಚವನ್ನು ಎರಡು ಮಿಲಿರೇಡಿಯನ್ ತಿರುಗಿಸಿ 0.3 ಮಿ.ಮೀ. ಸರಿಸಬೇಕು ಅಂತ ಹೇಳಿದೆ. ಹಿರಿಯರು ಗ್ರಾಫ್ ನೋಡಿದರು, ನನ್ನ ಮುಖ ನೋಡಿದರು. "ನೆಟ್ಟಗಿರೋದನ್ನ ಸೊಟ್ಟ ಮಾಡ್ಬೇಕಾ ಮೇಡಂ?" ಹೌದು ಸರ್, ಅದೇ. ಆಮೇಲೆ ಅವರೇ ಕವಚದ ಮೇಲೆ ಚೀಟಿ ಅಂಟಿಸೋಣ ಅಂದರು, ಇಲ್ಲದಿದ್ದರೆ ಮುಂದೆ ಯಾರಾದರೂ ಡಯಲ್ ಗೇಜ್ ಹಿಡಿದು "ಸರಿ" ಮಾಡಿಬಿಡುತ್ತಾರೆ.

ನಾಳೆ ಪ್ರೋಬನ್ನು 90 ಡಿಗ್ರಿ ತಿರುಗಿಸಿ ಮೇಲೆ-ಕೆಳಗಿನ ಓರೆ ನೋಡಬೇಕು. ಅದು ಬಂದ ಮೇಲೆಯೇ ಕಾಲುಗಳ ಬೋಲ್ಟ್ ಸಡಿಲಿಸುವುದು.