ಪಾರ್ಕಿನಿಂದ ಓಡಿಸಿದ ಮೇಲೆ ಅವರು ಎಲ್ಲಿಗೆ ಹೋಗಬೇಕು?

ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರ ಒಂದೇ ಕೆಲಸವನ್ನು ಎರಡು ಸಲ ಮಾಡಿದೆ. ಮೊದಲ ಸಲ ಪೂರ್ತಿ ಕೆಟ್ಟಿತು, ಎರಡನೇ ಸಲ ಕೈಹಿಡಿಯಿತು. ಬೀದಿಯಲ್ಲಿ ಡ್ರಗ್ಸ್ ತಗೊಳ್ಳುವವರ ಬಗ್ಗೆ ಮಾತು ಬಂದು, ಯಾರಾದರೂ "ಪೊಲೀಸರನ್ನು ಕಳಿಸಿದರೆ ಒಂದೇ ದಿನದಲ್ಲಿ ಎಲ್ಲ ಕ್ಲೀನ್" ಅಂದಾಗಲೆಲ್ಲ ನಾನು ಈ ಕಥೆ ತೆಗೆಯುತ್ತೇನೆ. ಕೇಳಿಸಿಕೊಳ್ಳುವವರು ಕಡಿಮೆ, ಅದು ಬೇರೆ ಮಾತು.

ಅಲ್ಲಿಯ ಮುಖ್ಯ ರೈಲು ನಿಲ್ದಾಣದ ಹಿಂದೆ ಪ್ಲಾಟ್ಸ್‌ಪಿಟ್ಜ್ ಅಂತ ಒಂದು ಪಾರ್ಕ್ ಇದೆ. ಎರಡು ನದಿ ಸೇರುವ ಜಾಗ, ಪಕ್ಕದಲ್ಲೇ ರಾಷ್ಟ್ರೀಯ ಮ್ಯೂಸಿಯಂ. 1980ರ ದಶಕದಲ್ಲಿ ಪೊಲೀಸರು ಊರೆಲ್ಲ ಅಟ್ಟಾಡಿಸಿ ಸುಸ್ತಾಗಿ, ಇಲ್ಲೊಂದು ಕಡೆ ಇರಲಿ ಬಿಡಿ ಅಂತ ಕಣ್ಣು ಮುಚ್ಚಿಕೊಂಡರು. ಹೆರಾಯಿನ್ ಮಾರುವವರು, ಕೊಳ್ಳುವವರು, ಅಲ್ಲೇ ಕೂತು ಚುಚ್ಚಿಕೊಳ್ಳುವವರು, ದಿನಕ್ಕೆ ಸಾವಿರಾರು ಜನ. ಅದಕ್ಕೂ ಮೊದಲು ಹೊಸ ಸಿರಿಂಜ್ ಹಂಚುವುದಕ್ಕೇ ಆರೋಗ್ಯ ಅಧಿಕಾರಿಗಳು ಅಡ್ಡಗಾಲು ಹಾಕಿದ್ದರು. ಒಂದೇ ಸೂಜಿ ಹಲವು ಕೈ ದಾಟಿ ಎಚ್‌ಐವಿ ಹರಡಿತು. ಆಮೇಲೆ ಬುದ್ಧಿ ಬಂತು. ಪಾರ್ಕಿನ ಶೌಚಾಲಯದ ಕಟ್ಟಡದಲ್ಲೇ ಹೊಸ ಸೂಜಿ ಕೊಡಲು ಶುರು ಮಾಡಿದರು. ಉಸಿರು ನಿಂತು ತುಟಿ ನೀಲಿಗಟ್ಟಿದವರನ್ನು ಆರೋಗ್ಯ ಕಾರ್ಯಕರ್ತರು ಅಲ್ಲೇ ನೆಲದ ಮೇಲೆ ಮಲಗಿಸಿ, ಉಸಿರು ಕೊಟ್ಟು ಎಬ್ಬಿಸುತ್ತಿದ್ದರು. ಎಷ್ಟೋ ಜೀವ ಉಳಿಯಿತು, ನಿಜ. ಆದರೆ ಊರಿನವರಿಗೆ ಆ ಪಾರ್ಕ್ ಇದ್ದೂ ಇಲ್ಲದಂತಾಯಿತು.

1992ರ ಫೆಬ್ರವರಿಯಲ್ಲಿ ಅದಕ್ಕೆ ಬೀಗ ಬಿತ್ತು. ಜನ ಎಲ್ಲಿಗೆ ಹೋದರು? ಸುತ್ತಲಿನ ಬೀದಿಗಳಿಗೆ, ಮನೆಗಳ ಮೆಟ್ಟಿಲಿಗೆ, ಕೊನೆಗೆ ಅಲ್ಲೇ ಹತ್ತಿರ ರೈಲು ನಿಂತುಹೋಗಿದ್ದ ಲೆಟ್ಟನ್ ನಿಲ್ದಾಣಕ್ಕೆ. ಮತ್ತೆ ಅದೇ ಜಾತ್ರೆ. 1995ರ ಫೆಬ್ರವರಿಯಲ್ಲಿ ಅದನ್ನೂ ಮುಚ್ಚಿದರು. ಈ ಸಲ ಅದು ಇನ್ನೆಲ್ಲೂ ಅಷ್ಟು ದೊಡ್ಡದಾಗಿ ತಲೆ ಎತ್ತಲಿಲ್ಲ.

ಪೊಲೀಸರು ಅವರೇ, ಊರೂ ಅದೇ. ಆದರೆ ಅಷ್ಟರಲ್ಲಿ ಹೆರಾಯಿನ್ ಬದಲು ಡಾಕ್ಟರು ಕೊಡುವ ಮೆಥಡೋನ್ ಅನ್ನುವ ಔಷಧಿ ಸಿಗುವುದು ಸುಲಭವಾಗಿತ್ತು, ರಾತ್ರಿ ಮಲಗಲು ಜಾಗ ಇತ್ತು, ನರ್ಸ್ ಎದುರು ಕೂತು ಡ್ರಗ್ಸ್ ತಗೊಳ್ಳುವ ಕೋಣೆಗಳಿದ್ದವು, ಮತ್ತು ಬೇರೆ ಯಾವ ಚಿಕಿತ್ಸೆಗೂ ಬಗ್ಗದವರಿಗೆ ಕ್ಲಿನಿಕ್ಕಿನಲ್ಲೇ ಡಾಕ್ಟರ ನಿಗಾದಲ್ಲಿ ಹೆರಾಯಿನ್ ಕೊಡುವ ಪ್ರಯೋಗ 1994ರಲ್ಲಿ ಶುರುವಾಗಿತ್ತು. ಸರ್ಕಾರವೇ ಹೆರಾಯಿನ್ ಕೊಡುವುದಾ ಅಂತ ಹುಬ್ಬೇರಿಸಬೇಡಿ. 2008ರಲ್ಲಿ ಇದನ್ನು ಕಾನೂನಿಗೆ ಸೇರಿಸಬೇಕಾ ಅಂತ ಮತಕ್ಕೆ ಹಾಕಿದಾಗ ಸ್ವಿಸ್ ಮತದಾರರಲ್ಲಿ ಸುಮಾರು 68% ಹೌದು ಅಂದರು. ನನಗೆ ಜಾಸ್ತಿ ಇಷ್ಟವಾಗಿದ್ದು ಇನ್ನೊಂದು ವಿಷಯ. ಹೊರಗಿನಿಂದ ಬಂದವರನ್ನು ಅವರವರ ಊರಿಗೆ ವಾಪಸ್ ಕಳಿಸಿ, ಆ ಊರಿನ ಆಡಳಿತವೇ ನೋಡಿಕೊಳ್ಳಬೇಕು ಅಂದರು. ಅಲ್ಲಿಯವರೆಗೆ ಸುತ್ತಲಿನ ಊರುಗಳು ತಮ್ಮ ಮಕ್ಕಳನ್ನು ದೊಡ್ಡ ನಗರದ ಪಾರ್ಕಿಗೆ ಬಿಟ್ಟು ಸುಮ್ನೆ ಕೂತಿದ್ದವು.

ಹಾಗಂತ ಪೊಲೀಸರನ್ನು ಹಿಂದೆ ಸರಿಸಿದರೆ ಎಲ್ಲ ಸರಿಹೋಗುತ್ತದೆ ಅನ್ನುವವರ ಜೊತೆಗೂ ನಾನಿಲ್ಲ. ಅಮೆರಿಕದ ಆರೆಗನ್ ನೋಡಿ. 2020ರ ನವೆಂಬರ್‌ನಲ್ಲಿ ಮತ ಹಾಕಿ, ಸ್ವಂತಕ್ಕೆ ಸ್ವಲ್ಪ ಡ್ರಗ್ಸ್ ಇಟ್ಟುಕೊಂಡರೆ ಜೈಲಿಲ್ಲ ಅಂತ ಮಾಡಿದರು. ಪೊಲೀಸರು 100 ಡಾಲರ್ ದಂಡದ ಚೀಟಿ ಕೊಡುತ್ತಾರೆ, ಸಹಾಯವಾಣಿಗೆ ಫೋನ್ ಮಾಡಿ ಮಾತಾಡಿದರೆ ದಂಡ ಮಾಫಿ. ಕಾಗದದ ಮೇಲೆ ಚೆನ್ನಾಗಿಯೇ ಇದೆ ಅಲ್ವಾ? ಫೋನ್ ಮಾಡಿದವರು ತೀರಾ ಕಡಿಮೆ. ದಂಡ ಕಟ್ಟದಿದ್ದರೂ ಕೇಳುವವರಿರಲಿಲ್ಲ. ಚಿಕಿತ್ಸೆಗೆ ಇಟ್ಟ ದುಡ್ಡು ಕೇಂದ್ರಗಳ ಕೈಸೇರಲು ವರ್ಷದ ಮೇಲಾಯಿತು, ಅದೇ ಹೊತ್ತಿಗೆ ಹೆರಾಯಿನ್‌ಗಿಂತ ಎಷ್ಟೋ ಪಟ್ಟು ಜೋರಾದ ಫೆಂಟನಿಲ್ ನುಗ್ಗಿತು. ಪೊಲೀಸರು ಪಕ್ಕಕ್ಕೆ ಸರಿದರು, ಡಾಕ್ಟರು ಇನ್ನೂ ಬಂದಿರಲಿಲ್ಲ. 2024ರ ಸೆಪ್ಟೆಂಬರ್‌ನಿಂದ ಡ್ರಗ್ಸ್ ಇಟ್ಟುಕೊಳ್ಳುವುದು ಮತ್ತೆ ಅಪರಾಧ. ಮನೆ ಬಾಗಿಲಲ್ಲಿ ಸೂಜಿ ಹೆಕ್ಕಿ ಸಾಕಾದವರು ಕಾನೂನು ಬದಲಿಸಿ ಅಂದರೆ ಅವರಿಗೆ ಕರುಣೆ ಇಲ್ಲ ಅನ್ನಲು ನನಗಂತೂ ಬಾಯಿ ಬರುವುದಿಲ್ಲ.

ಎರಡೂ ಕಡೆಯವರು ಮರೆಯುವುದು ಗಡಿಯಾರವನ್ನು. ಬಿಡಬೇಕು ಅನ್ನಿಸುವ ಗಳಿಗೆ ಬಹಳ ಚಿಕ್ಕದು. ಹೆರಾಯಿನ್ ತಗೊಂಡು ಅರ್ಧ ದಿನ ಕಳೆಯುವಷ್ಟರಲ್ಲಿ ಮೂಗು ಸೋರುತ್ತದೆ, ಮೈಯೆಲ್ಲ ಮುಳ್ಳು ಏಳುತ್ತದೆ, ಹೊಟ್ಟೆ ಕಿವುಚುತ್ತದೆ, ಕಾಲು ಒಂದು ಕಡೆ ನಿಲ್ಲುವುದಿಲ್ಲ. ಆ ಸ್ಥಿತಿಯಲ್ಲಿ ಬಾಗಿಲಿಗೆ ಬಂದವನಿಗೆ "ಸೋಮವಾರ ಬನ್ನಿ, ಗುರುತಿನ ಚೀಟಿ ತನ್ನಿ, ಬೆಡ್ ಖಾಲಿಯಾದರೆ ಫೋನ್ ಮಾಡುತ್ತೇವೆ" ಅಂದರೆ ಅವನು ಸೋಮವಾರ ಬರುವುದಿಲ್ಲ. ಒಂದು ಡೋಸ್ ಸಿಕ್ಕರೆ ಈ ನರಳಾಟ ನಿಲ್ಲುತ್ತದೆ ಅಂತ ಅವನಿಗೆ ಗೊತ್ತು, ಅದು ಎಲ್ಲಿ ಸಿಗುತ್ತದೆ ಅಂತಲೂ ಗೊತ್ತು. ಮೆಥಡೋನ್‌ನಂಥದ್ದೇ ಇನ್ನೊಂದು ಔಷಧಿ ಬ್ಯುಪ್ರೆನಾರ್ಫಿನ್ ಅನ್ನು ನರಳಾಟ ಶುರುವಾದ ಆ ದಿನವೇ ಕೊಡಲು ಶುರು ಮಾಡಬಹುದು. ಅದು ಅಥವಾ ಮೆಥಡೋನ್ ತಗೊಳ್ಳುತ್ತಾ ಇರುವವರಲ್ಲಿ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಬರೀ ಕೂಡಿಹಾಕಿ "ಮೈ ಶುದ್ಧ" ಮಾಡಿ ಕಳಿಸುವುದು ಅದಕ್ಕಿಂತ ಅಪಾಯ. ದೇಹಕ್ಕೆ ಅಭ್ಯಾಸ ತಪ್ಪಿರುತ್ತದೆ, ಹೊರಗೆ ಬಂದವನು ಹಳೇ ಅಳತೆಯಲ್ಲೇ ತಗೊಳ್ಳುತ್ತಾನೆ, ಉಸಿರು ನಿಲ್ಲುತ್ತದೆ. ಜೈಲಿನಿಂದ ಬಿಟ್ಟ ಮೊದಲ ಕೆಲವು ವಾರಗಳಲ್ಲಿ ಸಾಯುವವರು ಅಷ್ಟೊಂದು ಇರುವುದು ಇದಕ್ಕೇ.

ಕೆನಡಾದ ವ್ಯಾಂಕೂವರಿನಲ್ಲಿ ನರ್ಸ್ ನಿಗಾದಲ್ಲಿ ಡ್ರಗ್ಸ್ ತಗೊಳ್ಳುವ ಇನ್‌ಸೈಟ್ ಅನ್ನುವ ಕೇಂದ್ರ ಇದನ್ನು ಸರಿಯಾಗಿ ಹಿಡಿದಿದೆ ಅನ್ನಿಸುತ್ತದೆ. 2003ರಲ್ಲಿ ತೆರೆದದ್ದು. ಸಾಲಾಗಿ ಚಿಕ್ಕ ಚಿಕ್ಕ ಗೂಡುಗಳು, ಪ್ರತಿಯೊಂದರಲ್ಲೂ ಎದುರಿಗೆ ಕನ್ನಡಿ. ಬೆನ್ನು ತಿರುಗಿಸಿ ಕೂತವರ ಮುಖವನ್ನೂ ನರ್ಸ್ ನೋಡಬಹುದು. ಡ್ರಗ್ಸ್ ಅವರೇ ತರಬೇಕು, ಇಲ್ಲಿ ಸಿಗುವುದು ಹೊಸ ಸೂಜಿ, ಶುದ್ಧ ನೀರು, ಉಸಿರು ನಿಂತರೆ ಆಕ್ಸಿಜನ್ ಮತ್ತು ಉಸಿರು ಮರಳಿಸುವ ಔಷಧಿ ನಲಾಕ್ಸೋನ್. ಮುಖ್ಯವಾದದ್ದು ಮೇಲಿನ ಮಹಡಿ. 2007ರಲ್ಲಿ ಅಲ್ಲಿ ವ್ಯಸನ ಬಿಡಿಸುವ ಬೆಡ್‌ಗಳನ್ನು ಹಾಕಿದರು. ಸಾಕಪ್ಪ ಅನ್ನಿಸಿದವನು ಮೆಟ್ಟಿಲು ಹತ್ತಿದರಾಯಿತು. ಕೇಂದ್ರ ಸರ್ಕಾರ ಮುಚ್ಚಿಸಲು ನೋಡಿದಾಗ 2011ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಬಿಡಲಿಲ್ಲ. ಹೊರಗಿನ ಬೀದಿ ಇವತ್ತಿಗೂ ದಾರುಣವಾಗಿಯೇ ಇದೆ ಅಂತ ಟೀಕೆ ಮಾಡುತ್ತಾರೆ, ನಿಜವೇ, ಆದರೆ ಡಜನ್ ಗೂಡುಗಳ ಒಂದು ಕೋಣೆ ಇಡೀ ಬಡಾವಣೆಯನ್ನು ಎಷ್ಟು ತಡೆದೀತು ಹೇಳಿ.

ಪೋರ್ಚುಗಲ್ ಹೆಸರು ಹೇಳದೆ ಈ ಚರ್ಚೆ ಮುಗಿಯುವುದಿಲ್ಲ. 2001ರಲ್ಲಿ ಅವರು ಸ್ವಂತಕ್ಕೆ ಡ್ರಗ್ಸ್ ಇಟ್ಟುಕೊಂಡವರಿಗೆ ಜೈಲು ತೆಗೆದರು, ಜೊತೆಗೆ ಚಿಕಿತ್ಸೆಗೆ ದುಡ್ಡನ್ನೂ ಹಾಕಿದರು. ಸಿಕ್ಕಿಬಿದ್ದವರು ಕೋರ್ಟಿನ ಬದಲು ಒಂದು ಸಣ್ಣ ಸಮಿತಿಯ ಮುಂದೆ ಕೂರಬೇಕು. ವರ್ಷಗಟ್ಟಲೆ ಚೆನ್ನಾಗಿ ನಡೆಯಿತು. 2012ರಲ್ಲಿ, ಖರ್ಚು ಕಡಿತದ ಕಾಲದಲ್ಲಿ, ಇದನ್ನೆಲ್ಲ ನೋಡಿಕೊಳ್ಳುತ್ತಿದ್ದ ಸಂಸ್ಥೆಯನ್ನೇ ಒಡೆದು ಕೆಲಸವನ್ನು ಪ್ರಾದೇಶಿಕ ಆರೋಗ್ಯ ಇಲಾಖೆಗಳಿಗೆ ಹಂಚಿದರು. ಆಮೇಲೆ ಪೋರ್ಟೊ ನಗರದಲ್ಲಿ ಬೀದಿಯಲ್ಲೇ ಚುಚ್ಚಿಕೊಳ್ಳುವವರನ್ನು ನೋಡಿ ಜನ ಬೈದದ್ದು 2001ರ ಕಾನೂನನ್ನು. ಒಳಗೆ ಕೂತು ತಗೊಳ್ಳುವ ಕೋಣೆಗೆ ಆ ದೇಶದ ಕಾನೂನು 2001ರಲ್ಲೇ ಅವಕಾಶ ಕೊಟ್ಟಿತ್ತು. ಪೋರ್ಟೊದಲ್ಲಿ ಅಂಥ ಕೋಣೆ ತೆರೆದದ್ದು 2022ರಲ್ಲಿ.