ಹಳೆ ಕರೆಂಟ್ ಕಾರನ್ನು ಮಾರದೆ ದಾನ ಕೊಟ್ಟದ್ದು ಯಾಕೆ?

ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕ ಪೇಟೆಗೆ ಹೋದರೆ ಸಾಕು, ಯಾರಾದರೂ ಕೇಳಿಯೇ ಕೇಳುತ್ತಾರೆ: "ಮಾಷ್ಟ್ರೇ, ಚಂದ ಓಡುತ್ತಿದ್ದ ಕರೆಂಟ್ ಕಾರು, ಮಾರಿದ್ರೆ ನಾಲ್ಕು ಕಾಸು ಬರ್ತಿತ್ತಲ್ಲ, ಎಂತಕ್ಕೆ ಸುಮ್ನೆ ಕೊಟ್ಟುಬಿಟ್ರಿ?"

ಚಂದ ಓಡುತ್ತಿತ್ತು, ಅದಕ್ಕೇ ಕೊಟ್ಟೆ.

ಕಾರು ಹೋದದ್ದು ನಮ್ಮ ಕಡೆಯ ಒಂದು ಪಾಲಿಯೇಟಿವ್ ತಂಡಕ್ಕೆ. ಅವರು ಬೆಳಿಗ್ಗೆ ಹೊರಟು, ಹಾಸಿಗೆ ಹಿಡಿದವರ ಮನೆಗೇ ಹೋಗಿ ಹುಣ್ಣಿಗೆ ಡ್ರೆಸ್ಸಿಂಗ್ ಮಾಡುತ್ತಾರೆ, ಕ್ಯಾತಿಟರ್ (ಮೂತ್ರದ ನಳಿಕೆ) ಬದಲಿಸುತ್ತಾರೆ, ಸ್ವಲ್ಪ ಹೊತ್ತು ಕೂತು ಮಾತಾಡಿ ಬರುತ್ತಾರೆ. ನಮ್ಮ ಊರಿನ ಮನೆಗಳು ಗೊತ್ತಲ್ಲ, ಒಂದು ಗುಡ್ಡದ ಮೇಲೆ, ಇನ್ನೊಂದು ಅಡಿಕೆ ತೋಟ ದಾಟಿ ಆಚೆ. ಎಣ್ಮಕಜೆ, ಬೆಳ್ಳೂರು, ಕಾರಡ್ಕ ಕಡೆ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಹೊಡೆಯುವುದು ನಿಂತದ್ದು 2000ದಲ್ಲಿ. ಆ ವಿಷದಿಂದ ಹಾಸಿಗೆ ಹಿಡಿದ, ಆಗ ಮಕ್ಕಳಾಗಿದ್ದವರು ಈಗ ಬೆಳೆದಿದ್ದಾರೆ, ಅವರನ್ನು ಎತ್ತಿ ಮಲಗಿಸುತ್ತಿದ್ದ ಅಮ್ಮಂದಿರಿಗೆ ವಯಸ್ಸಾಗಿದೆ. ಅಂಥ ಮನೆಯಿಂದ ಆಸ್ಪತ್ರೆಗೆ ಹೋಗುವುದಕ್ಕಿಂತ ಆಸ್ಪತ್ರೆಯವರೇ ಮನೆಗೆ ಬರುವುದು ಸುಲಭ. ಅದಕ್ಕೆ ಗಾಡಿ ಬೇಕು, ದಿನಾ ಬೇಕು.

ಈ ಕೆಲಸಕ್ಕೆ ಕರೆಂಟ್ ಕಾರು ಹೇಳಿ ಮಾಡಿಸಿದ್ದು. ದಿನದ ಓಡಾಟ ಅರುವತ್ತು ಎಪ್ಪತ್ತು ಕಿಲೋಮೀಟರ್, ಸಂಜೆಗೆ ಅದೇ ಜಾಗಕ್ಕೆ ವಾಪಸ್, ರಾತ್ರಿ ಇಡೀ ಚಾರ್ಜಿಗೆ ಹಾಕಬಹುದು. ಒಂದು ಯುನಿಟ್‌ಗೆ ಆರೇಳು ಕಿಲೋಮೀಟರ್ ಹೋಗುತ್ತದೆ, ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಅಷ್ಟಿಷ್ಟು ಚಾರ್ಜ್ ವಾಪಸ್ ಬರುತ್ತದೆ. ಜನರು ಕೊಟ್ಟ ಹಣದಲ್ಲೇ ನಡೆಯುವ ತಂಡಕ್ಕೆ ಡೀಸೆಲ್ ದುಡ್ಡು ಉಳಿದರೆ ಅದು ಔಷಧಿಗೆ ಆಯಿತು ಅಲ್ವಾ?

ಎಲ್ಲರೂ ಕೊಡಬೇಕು ಅಂತ ನಾನು ಹೇಳುವುದಿಲ್ಲ. ಕರೆಂಟ್ ಕಾರೆಂದರೆ ಬ್ಯಾಟರಿ. 2020ರಲ್ಲಿ ಬಂದ ಟಾಟಾದ ಮೊದಲ ನೆಕ್ಸಾನ್ ಇವಿ ಕಾರನ್ನೇ ನೋಡಿ: ಕಂಪೆನಿ ಲೆಕ್ಕದಲ್ಲಿ ಒಂದು ಚಾರ್ಜಿಗೆ 312 ಕಿ.ಮೀ., ನಮ್ಮ ಗುಡ್ಡದ ರಸ್ತೆಯಲ್ಲಿ 200ರ ಆಸುಪಾಸು ಸಿಕ್ಕಿದರೆ ಒಳ್ಳೆಯದು. ಬ್ಯಾಟರಿಗೆ ವಾರಂಟಿ 8 ವರ್ಷ ಅಥವಾ 1,60,000 ಕಿ.ಮೀ. ಅದು ಮುಗಿದು, ಬ್ಯಾಟರಿಯೂ ಸೊರಗಿದ ಮೇಲೆ ಕಾರು ಕೊಟ್ಟರೆ ನಮ್ಮ ಮನೆಯ ಕಸ ಅವರ ಅಂಗಳಕ್ಕೆ ಹಾಕಿದ ಹಾಗೆ. ಹೊಸ ಬ್ಯಾಟರಿಗೆ ಲಕ್ಷಗಟ್ಟಲೆ ಬೇಕು, ಅವರು ಎಲ್ಲಿಂದ ತರುತ್ತಾರೆ? ಕೊಡುವ ಮೊದಲು ಸರ್ವಿಸ್ ಸೆಂಟರಿನಲ್ಲಿ ಬ್ಯಾಟರಿ ಎಷ್ಟು ಗಟ್ಟಿ ಉಂಟೆಂದು ರಿಪೋರ್ಟ್ ತೆಗೆಸಿ. ವಾರಂಟಿ ಹೊಸ ಮಾಲೀಕರ ಹೆಸರಿಗೂ ಸಿಗುತ್ತದಾ ಎಂದು ಬರೆದು ಕೇಳಿ.

ಕಾರಿನ ಜೊತೆ ಚಾರ್ಜಿಂಗ್ ಪಾಯಿಂಟಿನ ಖರ್ಚನ್ನೂ ಕೊಡಿ. ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಆ ತಂಡದ ರೂಮಿನಲ್ಲಿ 15 ಆಂಪಿಯರ್ ಸಾಕೆಟ್ ಇತ್ತು, ಆದರೆ ಚಾರ್ಜರ್ ಸಿಕ್ಕಿಸಿದರೆ ಕೆಂಪು ದೀಪ. ಅರ್ತ್ ಸರಿ ಇರಲಿಲ್ಲ. ಇಲೆಕ್ಟ್ರಿಷಿಯನ್ ಬಂದು ಅಂಗಳದಲ್ಲಿ ಗುಂಡಿ ತೋಡಿ, ಬೇರೆ ಅರ್ತ್ ಹಾಕಿ, ದಪ್ಪ ವಯರ್ ಎಳೆದ ಮೇಲೆ ಹಸಿರು ದೀಪ ಬಂತು. ನಮ್ಮದು ಮುರಕಲ್ಲಿನ ನೆಲ, ಬೇಸಿಗೆಯಲ್ಲಿ ಪೂರ್ತಿ ಒಣಗುತ್ತದೆ. ಹಾಗಾಗಿ ಅರ್ತ್ ಗುಂಡಿಗೆ ಆಗಾಗ ಒಂದು ಕೊಡ ನೀರು ಹೊಯ್ಯಬೇಕು. ಈಗ ಅದನ್ನು ಅವರ ಡ್ರೈವರ್ ನೋಡಿಕೊಳ್ಳುತ್ತಾನೆ.

ಇನ್ನು ಟ್ಯಾಕ್ಸ್. ಅಮೆರಿಕದಲ್ಲಿ ಕಾರು ದಾನ ಕೊಟ್ಟರೆ ತೆರಿಗೆ ಕಡಿಮೆಯಾಗುತ್ತದಂತೆ, ಇಲ್ಲಿಯೂ ಹಾಗೆಯಾ ಎಂದು ಕೇಳುವವರಿದ್ದಾರೆ. ಅಲ್ಲಿ ಸಂಸ್ಥೆಗಳು ಹೆಚ್ಚಾಗಿ ಕಾರನ್ನು ಮಾರಿಬಿಡುತ್ತವೆ, ರಿಯಾಯಿತಿಯೂ ಸಾಮಾನ್ಯವಾಗಿ ಮಾರಿ ಬಂದ ಹಣದಷ್ಟಕ್ಕೇ. ನಮ್ಮಲ್ಲಿ 80ಜಿ ಎಂದು ಹೆಸರಾದ ದಾನದ ತೆರಿಗೆ ರಿಯಾಯಿತಿ ಇರುವುದು ಹಣಕ್ಕೆ ಮಾತ್ರ, ವಸ್ತುವಿಗೆ ಇಲ್ಲ. ಹಣದಲ್ಲೂ 2,000 ರೂಪಾಯಿ ಮೇಲಿನ ನಗದಿಗೆ ಇಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೂ ಇಲ್ಲ. ರಿಯಾಯಿತಿ ಬೇಕಾದವರು ಕಾರನ್ನು ಮಾರಿ, ಬಂದ ಹಣವನ್ನು ಬ್ಯಾಂಕ್ ಮೂಲಕ ಕೊಟ್ಟು ರಶೀದಿ ತೆಗೆದುಕೊಳ್ಳಲಿ. ಅದೂ ಒಳ್ಳೆಯ ದಾನವೇ. ಚಾರ್ಜ್ ಮಾಡಲು ಜಾಗ ಇಲ್ಲದ ಸಂಸ್ಥೆಗಂತೂ ಅದೇ ಉತ್ತಮ.

ಆರ್‌ಸಿ, ಅಂದರೆ ಗಾಡಿಯ ನೋಂದಣಿ ಪತ್ರದ ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಬೇಡ. "ನಮ್ಮವರೇ ಅಲ್ವಾ, ಹೆಸರು ಆಮೇಲೆ ಬದಲಿಸುವ" ಅಂದುಕೊಂಡು ಕೀ ಕೊಡಬೇಡಿ. ಆರ್‌ಸಿಯಲ್ಲಿ ಯಾರ ಹೆಸರು ಉಂಟೋ ಅಪಘಾತದ ಪರಿಹಾರದ ಹೊಣೆ ಅವರದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೆಸರು ಬದಲಿಸಲು ಸರಕಾರದ ಪರಿವಾಹನ್ ಸೈಟಿನಲ್ಲಿ ಫಾರ್ಮ್ 29 ಮತ್ತು 30 ಹಾಕಬೇಕು, ಕಾರಿನ ಮೇಲೆ ಸಾಲ ಇದ್ದರೆ ತೀರಿಸಿ, ಅದನ್ನು ಆರ್‌ಸಿಯಿಂದ ತೆಗೆಸಲು ಫಾರ್ಮ್ 35. ಕಾರು ತೆಗೆದುಕೊಳ್ಳಲು ಒಪ್ಪಿದ ಸಮಿತಿಯ ನಿರ್ಣಯದ ಪ್ರತಿಯನ್ನೂ ಕೇಳಿ ಇಟ್ಟುಕೊಳ್ಳಿ. 14 ದಿನದೊಳಗೆ ಇನ್ಶೂರೆನ್ಸ್ ಕೂಡ ಅವರ ಹೆಸರಿಗೆ ಆಗಲಿ. ಮಂಗಳೂರಿನ ಸಂಸ್ಥೆಗೆ ಕೊಡುವುದಾದರೆ ಫಾರ್ಮ್ 28ರ ಎನ್‌ಒಸಿ (ಆಕ್ಷೇಪ ಇಲ್ಲ ಎಂಬ ಪತ್ರ), ಕರ್ನಾಟಕದ ನೋಂದಣಿ ಎಂದು ಓಡಾಟ ಜಾಸ್ತಿ. ಕೆಎಲ್ 14, ಅಂದರೆ ಕಾಸರಗೋಡಿನ ನಂಬರಿನ ಗಾಡಿ ಜಿಲ್ಲೆಯಲ್ಲೇ ಉಳಿದರೆ ಅಷ್ಟು ತಲೆಬಿಸಿ ಇಲ್ಲ. ಇನ್ನೊಂದು, ಹಸಿರು ಪ್ಲೇಟಿನಲ್ಲಿ ಬಿಳಿ ಅಕ್ಷರ ಇದ್ದರೆ ಅದು ಖಾಸಗಿ ಕಾರು. ಅದರಲ್ಲಿ ರೋಗಿಗಳಿಂದ ಬಾಡಿಗೆ ತೆಗೆದುಕೊಳ್ಳುವಂತಿಲ್ಲ, ಇದನ್ನು ಅವರಿಗೆ ಮೊದಲೇ ಹೇಳಿ.

ಯಾರಿಗೆ ಕೊಡುವುದು ಎಂದು ಗೊತ್ತಾಗದಿದ್ದರೆ ನಿಮ್ಮ ಪಂಚಾಯತಿನ ಪಾಲಿಯೇಟಿವ್ ನರ್ಸನ್ನು ಕೇಳಿ. ಯಾವ ತಂಡಕ್ಕೆ ಗಾಡಿ ಇಲ್ಲ, ಯಾವ ಮನೆಯವರು ರಿಕ್ಷಾಕ್ಕೆ ದುಡ್ಡಿಲ್ಲದೆ ಔಷಧಿ ತಪ್ಪಿಸುತ್ತಿದ್ದಾರೆ, ಎಲ್ಲ ಅವರಿಗೆ ಗೊತ್ತಿರುತ್ತದೆ.