ಅರ್ಧ ಹಾವಿನ ಫೋಟೊ ನೋಡಿ ಹೆಸರು ಹೇಳಿದ್ದೆ

ಗೋದಾಮಿನಲ್ಲಿ ಸುರಕ್ಷತೆ ನೋಡಿಕೊಳ್ಳುವುದು ನನ್ನ ಕೆಲಸ. ಬೆಂಕಿ, ಫೋರ್ಕ್‌ಲಿಫ್ಟ್, ಮೇಲಿಂದ ಬೀಳುವ ಪೆಟ್ಟಿಗೆ, ಇಷ್ಟೇ ನನ್ನ ಲೋಕ ಅಂದುಕೊಂಡಿದ್ದೆ. ಆದರೆ ಇಲಿ, ಹಲ್ಲಿ ಸೇರಿಕೊಂಡ ಕಡೆ ಹಾವೂ ಬರುತ್ತದೆ, ಅಲ್ವಾ?

ಮೊದಲೆರಡು ವರ್ಷ ಕಂಡದ್ದೆಲ್ಲ ತೋಳಹಾವು. ಕಂದು ಮೈ, ಬಿಳಿ ಅಡ್ಡಪಟ್ಟಿ, ಒಂದು ಒಂದೂವರೆ ಅಡಿ ಉದ್ದ. ಹಲ್ಲಿ ಹುಡುಕಿಕೊಂಡು ಗೋಡೆ ಹತ್ತುತ್ತದೆ, ವಿಷ ಇಲ್ಲ. ಹೀಗೇ ನೋಡಿ ನೋಡಿ ನನ್ನ ತಲೆಯಲ್ಲಿ ಒಂದು ಲೆಕ್ಕ ಕೂತುಬಿಟ್ಟಿತು: ಪಟ್ಟಿ ಇರುವ ಹಾವು ಚಿಕ್ಕದಿದ್ದರೆ ತೋಳಹಾವು, ದೊಡ್ಡದಿದ್ದರೆ ವಿಷದ ಕಟ್ಟುಹಾವು. ಯಾರೂ ಹೇಳಿಕೊಟ್ಟದ್ದಲ್ಲ. ಕಟ್ಟುಹಾವಿಗೂ ಮರಿ ಇರುತ್ತದೆ ಅನ್ನುವುದು ಹೊಳೆಯಲೇ ಇಲ್ಲ.

ಒಂದು ದಿನ ರಾತ್ರಿ ಪಾಳಿಯ ಹುಡುಗ ಫೋಟೊ ಕಳಿಸಿದ. ಸರಕು ಪೇರಿಸುವ ಪ್ಯಾಲೆಟ್ ಕೆಳಗಿಂದ ಅರ್ಧ ಹಾವು ಹೊರಗಿದೆ, ತಲೆ ಕಾಣುತ್ತಿಲ್ಲ. "ತೋಳಹಾವು, ಸುಮ್ನೆ ಪೊರಕೆಯಲ್ಲಿ ಆಚೆ ತಳ್ಳು" ಅಂತ ಬರೆದು ಮಲಗಿದೆ. ಪುಣ್ಯಕ್ಕೆ ಅವನಿಗೆ ನನ್ನ ಮಾತಿಗಿಂತ ಹಾವಿನ ಹೆದರಿಕೆ ಜಾಸ್ತಿ. ಆ ಸಾಲಿಗೆ ಯಾರೂ ಹೋಗದಂತೆ ಹಗ್ಗ ಕಟ್ಟಿ, ಹಾವು ಹಿಡಿಯುವವರನ್ನು ಕರೆಸಿದ. ಅದು ಕಟ್ಟುಹಾವಿನ ಮರಿ.

ಬೆಳಿಗ್ಗೆ ಅವರು ಅದೇ ಫೋಟೊ ನನ್ನ ಮುಂದೆ ಹಿಡಿದು, "ಬಾಲದ ಕಡೆ ಪಟ್ಟಿ ಹೇಗಿದೆ ಹೇಳಿ" ಅಂದರು. ಎದ್ದು ಕಾಣುತ್ತಿತ್ತು. ಉತ್ತರ ಅಲ್ಲೇ ಇತ್ತು. ತೋಳಹಾವಿನ ಪಟ್ಟಿ ಕತ್ತಿನ ಹತ್ತಿರ ಢಾಳಾಗಿ ಶುರುವಾಗಿ, ಬಾಲದ ಕಡೆ ಹೋದಂತೆ ಮಾಸುತ್ತದೆ. ಕಟ್ಟುಹಾವಿನದು ಉಲ್ಟಾ. ತೆಳುವಾದ ಬಿಳಿ ಗೆರೆಗಳು, ಹೆಚ್ಚಾಗಿ ಜೋಡಿ ಜೋಡಿ. ಕತ್ತಿನ ಹತ್ತಿರ ಇರದೆಯೂ ಹೋಗಬಹುದು, ಹಿಂದೆ ಹೋದಂತೆ ಸ್ಪಷ್ಟ. ಮೈ ಎಣ್ಣೆ ಸವರಿದಂತೆ ಹೊಳೆಯುವ ಕಪ್ಪು. ಬೆನ್ನ ನಡುವೆ ಆರು ಮೂಲೆಯ ದೊಡ್ಡ ಹುರುಪೆಗಳ ಒಂದು ಸಾಲು ಇರುತ್ತದೆ, ತೋಳಹಾವಿಗೆ ಅದಿಲ್ಲ. ಇದು ಎಲ್ಲಕ್ಕಿಂತ ಗಟ್ಟಿ ಗುರುತು. ಆದರೆ ಫೋಟೊ ಜೂಮ್ ಮಾಡಿ ನೋಡಬೇಕು, ಬಗ್ಗಿ ನೋಡುವುದಲ್ಲ.

ಬಣ್ಣವನ್ನೇ ನಂಬಿ ಕೂರುವ ಹಾಗೂ ಇಲ್ಲ. ಪೊರೆ ಬಿಡುವ ಮುಂಚೆ ಹಾವಿನ ಮೈ ಮಂಕಾಗುತ್ತದೆ. ಪಟ್ಟಿಯೇ ಇಲ್ಲದ ಕಟ್ಟುಹಾವೂ ಉಂಟು. ಕಪ್ಪು ಮೈಯ ತೋಳಹಾವಿನ ಜಾತಿಯೂ ಇದೆ.

ನನ್ನನ್ನು ಜಾಸ್ತಿ ಕಾಡಿದ್ದು ಬೇರೆ ವಿಷಯ. ಕಟ್ಟುಹಾವಿನ ಕಡಿತ ಅಷ್ಟಾಗಿ ನೋಯುವುದಿಲ್ಲ, ಊತವೂ ಕಡಿಮೆ. ವಿಷ ನರಗಳನ್ನು ಹಿಡಿಯುತ್ತದೆ. ಮೊದಲು ರೆಪ್ಪೆ ಜೋಲುತ್ತದೆ, ಆಮೇಲೆ ಉಸಿರಾಟಕ್ಕೇ ತೊಂದರೆ. ಆ ಹುಡುಗ ತಳ್ಳಲು ಹೋಗಿ ಕಡಿಸಿಕೊಂಡಿದ್ದರೆ, "ತೋಳಹಾವು ತಾನೇ, ಸಾರ್ ಹೇಳಿದ್ದಾರೆ" ಅಂತ ಆಸ್ಪತ್ರೆಗೆ ಹೋಗದೆ ಮಲಗಿಬಿಡುತ್ತಿದ್ದನೇನೋ.

ಈಗ ಯಾವ ಹಾವೇ ಇರಲಿ, ಮೊದಲು ಹಗ್ಗ, ಆಮೇಲೆ ಫೋನ್. ಗುರುತು ಹಿಡಿಯುವುದು ಕೊನೆಗೆ, ಅದೂ ನಮ್ಮ ಕುತೂಹಲಕ್ಕೆ. ಮೊನ್ನೆ ಅದೇ ಹುಡುಗ ಮತ್ತೊಂದು ಫೋಟೊ ಕಳಿಸಿದ್ದ. ಕೆಳಗೆ ಅವನೇ ಬರೆದಿದ್ದ: "ಸಾರ್, ಹೆಸರು ಹೇಳಬೇಡಿ. ಹಗ್ಗ ಕಟ್ಟಿ ಆಯ್ತು."